ಕಾಕಾ ನೋಡಿದ ಜಾಗ

ಗೋಡೆ ಕಟ್ಟುವ ಗೌಂಡಿ ಕಾಕಾರ ಎಡ ಅಂಗೈ ಗೆರೆಗಳಲ್ಲಿ ಸದಾ ಕರಿಮಣ್ಣು ತುಂಬಿರುತ್ತಿತ್ತು. ಮನೆ ಕಟ್ಟುವ ಜಾಗ ನೋಡಲು ಕರೆದರೆ ಮೊದಲು ಚಿಟಿಕೆ ಮಣ್ಣೆತ್ತಿ, ಉಗುಳು ಹಚ್ಚಿ, ಬತ್ತಿಯಂತೆ ಹೊಸೆಯುತ್ತಿದ್ದರು. ಬತ್ತಿ ಮುರಿಯದೆ ಬಳುಕಿತೋ, “ಇದು ಎರಿ ಮಣ್ಣ. ಬೆಳಿ ಕೊಡತೈತಿ, ಗ್ವಾಡಿ ನುಂಗತೈತಿ” ಎಂದು ಎದ್ದುಬಿಡುತ್ತಿದ್ದರು. ಅವಸರ ಮಾಡಿದವರಿಗೆ, “ಹೆಣ್ಣ ನೋಡಾಕ ಒಂದ ತಾಸ ಸಾಕು, ನೆಲಾ ನೋಡಾಕ ಒಂದ ಮಳಿಗಾಲ ಬೇಕು” ಎನ್ನುವರು. ಅವರು ನೋಡದೆ ಮೂಡಲಗಿಯಲ್ಲಿ ಯಾರೂ ಪಾಯ ತೆಗೆಯುತ್ತಿರಲಿಲ್ಲ.

ಸ್ವಾತಂತ್ರ್ಯಕ್ಕೆ ಏಳೆಂಟು ವರ್ಷ ಮುಂಚಿನ ಮಾತು. ಗೋಕಾಕದಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದ ನಾನು, ಊರಂಚಿನ ನಮ್ಮ ಹೊಲವನ್ನು ಮನೆಜಾಗಗಳಾಗಿ ಮಾರಲು ಹೊರಟು ಕಾಕಾರನ್ನು ಕರೆದೆ. ಮೊಳದಾಳ ಅಗೆಸಿ, ಮೊಟ್ಟೆಯಂತೆ ನುಣುಪಾದ ಕಲ್ಲುಗಳನ್ನು ಹೊರತೆಗೆದರು.

“ಹಳ್ಳಾ ಎಲ್ಲೈತಿ?”

“ಆ ಜಾಲಿಗಿಡದ ಆಚಿಕಡೆ ಐತ್ರಿ.”

“ಈಗ ಅಲ್ಲೈತಿ. ಮೊದಲ ಇಲ್ಲೇ ಇತ್ತು. ನೀರ ಹೊರಳಿಸದ ಕಲ್ಲ ಹಿಂಗ ಗುಂಡಗ ಆಗೂದಿಲ್ಲ. ಇಲ್ಲಿ ಜ್ವಾಳಾ ಹಾಕು. ಮನಿ ಕಟ್ಟೂದಿದ್ರ ಆ ದಿನ್ನಿ ಮ್ಯಾಲೆ, ಗಟ್ಟಿ ಗರಸ ನೆಲದಾಗ.”

ದಿನ್ನೆ ನಮ್ಮದಾಗಿರಲಿಲ್ಲ.

“ನಮ್ಮಪ್ಪನ ಕಾಲದಿಂದ ಇಲ್ಲಿ ಹನಿ ನೀರ ಬಂದಿಲ್ರಿ ಕಾಕಾ.”

“ನಿಮ್ಮಪ್ಪನಕಿಂತ ಹಳ್ಳಕ್ಕ ವಯಸ್ಸ ಜಾಸ್ತಿ ಐತೆಪಾ.”

ಮರುವಾರ ಅವರು ಹುಕ್ಕೇರಿಯಲ್ಲಿ ವರ್ಷಗಟ್ಟಲೆ ನಡೆಯುವ ದೊಡ್ಡ ವಾಡೆಯೊಂದರ ಕೆಲಸಕ್ಕೆ ಹೋದರು. ಇತ್ತ ಜಾಗ ಕೊಳ್ಳಲು ಬಂದವರೆಲ್ಲ ಕೇಳಿದ್ದು ಒಂದೇ: “ಕಾಕಾ ನೋಡ್ಯಾರೇನ್ರಿ?”

“ನೋಡ್ಯಾರ್ರಿ” ಎಂದೆ. ಸುಳ್ಳೇನಲ್ಲವಲ್ಲ ಎಂದುಕೊಂಡೆ.

ಐದನೆಯ ಮಳೆಗಾಲದಲ್ಲಿ ಹಳ್ಳ ದಂಡೆಯೊಡೆದು ಹಳೆಯ ದಾರಿ ಹಿಡಿಯಿತು. ಜನ ದಿನ್ನೆಗೆ ಓಡಿ ಜೀವ ಉಳಿಸಿಕೊಂಡರು. ಏಳು ಮನೆ ಕುಸಿದವು. ಆಗಷ್ಟೇ ಹುಕ್ಕೇರಿಯಿಂದ ಮರಳಿದ್ದ ಕಾಕಾರನ್ನು ಮನೆ ಕಳೆದುಕೊಂಡವನೊಬ್ಬ ಸಂತೆಯಲ್ಲಿ ತಡೆದ.

“ಏನ್ ಕಾಕಾ, ಕಣ್ಣಿಗಿ ಪೊರಿ ಬಂದಿತ್ತೇನ? ಆ ಜಾಗಾ ನೀ ನೋಡಿದ್ದಿ ಹೌದಲ್ಲೊ?”

ಮೂರು ಮಾರು ದೂರದಲ್ಲಿ ನಾನಿದ್ದೆ. ಕಾಕಾ ನನ್ನತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

“ಹೌದಪಾ, ನೋಡಿದ್ದೆ” ಎಂದರು. ಅಷ್ಟೇ.

ಆಮೇಲೆ ಅವರನ್ನು ಯಾರೂ ಕರೆಯಲಿಲ್ಲ. ಯಮಕನಮರಡಿಯ ಮಗಳ ಮನೆ ಸೇರಿದರು. ಎರಡು ವರ್ಷದ ಮೇಲೆ ಹೋಗಿ ಕಾಲು ಹಿಡಿದು, ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಖರೆ ಹೇಳಿದ್ರ ನಿನ್ನ ಮನೀನೂ ಕೆಡವತಿದ್ರು. ಬಿದ್ದ ಮನಿ ಅಷ್ಟ ಸಾಕಾಗಿದ್ವು.”

“ಊರಾಗ ನಾನ ಹೇಳತೇನ್ರಿ.”

“ಹೇಳು. ನಾ ಇರೂದ್ರಾಗ ಹೇಳಿದ್ರ ಚಲೋ.”

ಆ ಚಳಿಗಾಲ ತೀರಿಕೊಂಡರು. ನಾನಿನ್ನೂ ಹೇಳಿರಲಿಲ್ಲ. ಮೂಡಲಗಿಯಿಂದ ಅವರ ಮಣ್ಣಿಗೆ ಹೋದವನು ನಾನೊಬ್ಬನೇ.

ಆ ಏಳು ಮನೆಯವರ ಮೊಮ್ಮಕ್ಕಳು ಊರಿನಲ್ಲಿದ್ದಾರೆ. ಅವರು ಇದನ್ನು ಓದಲಿ: ಕಾಕಾ ಬೇಡ ಎಂದಿದ್ದರು.