ಒಂದೂವರೆ ಬೆರಳಿನ ದೂರ

ಕಿರ್ರ್, ಕಿರ್ರ್. ಮೈಸೂರಿನ ಕಾನ್ವೆಂಟಿನಲ್ಲಿ ನಮ್ಮ ಜಿಯಾಗ್ರಫಿ ಸಿಸ್ಟರ್ ಗ್ಲೋಬ್ ತಿರುಗಿಸಿದರೆ ಹಾಗೆ ಕೂಗುತ್ತಿತ್ತು. ಎಣ್ಣೆ ಬಿಡೋಣ ಅಂದರೆ ಬೇಡ ಅನ್ನುವರು. ಆ ಸದ್ದಿಗೆ ಹಿಂದಿನ ಬೆಂಚೂ ಎಚ್ಚರವಾಗುತ್ತಿತ್ತು. ಎರಡು ಊರುಗಳ ಮೇಲೆ ದಾರ ಹಿಡಿಸಿ, "ಹೌ ಫಾರ್, ಗರ್ಲ್ಸ್?" ಎಂದು ಕೇಳುವರು. ಬೆಟ್ಟದಪುರದಿಂದ ಬಂದ ಬೋರ್ಡಿಂಗ್ ಹುಡುಗಿ ನಾನು. ತಪ್ಪು ಹೇಳಿದರೆ ಮತ್ತೆ ಅಳೆಯಿಸುವರು, ಬೈದದ್ದಿಲ್ಲ.

ಹೋದ ವರ್ಷ ಫ್ರಾಂಕ್‌ಫರ್ಟಿನಲ್ಲಿ ನರ್ಸ್ ಆಗಿರುವ ಮಗಳ ಮನೆಗೆ ಹೊರಡುವಾಗ, ಸಿಸ್ಟರ್ ತಮ್ಮೂರು ಡಬ್ಲಿನ್ನಿನ ಒಂದು ಆಶ್ರಮದಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ನೋಡಿಯೇ ಬರುವುದು ಎಂದುಕೊಂಡೆ. ಆ ದೇಶಕ್ಕೆ ಬೇರೆ ವೀಸಾ ಬೇಕೆಂದರು, ಅದನ್ನೂ ಮಾಡಿಸಿದೆ. ಊರಲ್ಲಿ ಅತ್ತಿಗೆ ಮಾತ್ರ ಒಂದು ಮಾತು ತೆಗೆದುಕೊಂಡರು: ಕಾಯಿಲೆಯವರ ಕೋಣೆಗೆ ರಾಹುಕಾಲದಲ್ಲಿ ಕಾಲಿಡಕೂಡದು. ಆಗಲಿ ಎಂದೆ. ಹೊಗೆಸೊಪ್ಪು ಕಟ್ಟುವ ದಾರದಲ್ಲೇ ಚಕ್ಕುಲಿ ಪೊಟ್ಟಣ ಬಿಗಿದು ಕೊಟ್ಟರು.

ಮಗಳ ಮನೆಯ ಗ್ಲೋಬಿನ ಮೇಲೆ ಆ ದಾರ ಇಟ್ಟು ನೋಡಿದೆ. ಒಂದೂವರೆ ಬೆರಳು. ಟಿಕೆಟ್ಟಿನಲ್ಲಿ ಹತ್ತಕ್ಕೆ ಬಿಟ್ಟು ಹನ್ನೊಂದೂ ಹತ್ತಕ್ಕೆ ತಲುಪುತ್ತೆ ಅಂತಿತ್ತು. ಹುಣಸೂರಿಂದ ಮೈಸೂರಿಗೆ ಬಸ್ಸಿನಲ್ಲಿ ಹೋದಷ್ಟೇ! ಬುಧವಾರದ ರಾಹುಕಾಲ ಹನ್ನೆರಡಕ್ಕೆ. ಅಷ್ಟರಲ್ಲಿ ಸಿಸ್ಟರ್ ಮುಂದೆ ಕೂತಿರಬಹುದು. ಮಗಳಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೊರಟೆ.

ನನ್ನ ವಾಚಿನಲ್ಲಿ ಹನ್ನೊಂದೂ ಹತ್ತಾದಾಗ ಕೆಳಗೆ ಬರೀ ಸಮುದ್ರ. ಏರ್‌ಹೋಸ್ಟೆಸ್‌ನ ಕೇಳಿದರೆ, ಇನ್ನೂ ಒಂದು ಗಂಟೆಯಿದೆ ಮೇಡಂ, ಅಲ್ಲಿಯ ಗಡಿಯಾರ ಒಂದು ಗಂಟೆ ಹಿಂದೆ ಎಂದಳು. ಸಾವಿರ ಕಿಲೋಮೀಟರ್ ಮೇಲಿನ ದಾರಿಗೆ ಎರಡು ಗಂಟೆ ಬೇಡವೇ? ಸಿಸ್ಟರ್ ಶಿಷ್ಯೆಯಾಗಿ ಲಾಂಗಿಟ್ಯೂಡ್ ಮರೆತಿದ್ದೆನಲ್ಲ ಎಂದು ನಾಚಿಕೆಯಾಯಿತು.

ಪಾಸ್‌ಪೋರ್ಟ್ ಕ್ಯೂ ಮುಗಿಸಿ ಆಶ್ರಮ ಮುಟ್ಟಿದಾಗ ಅಲ್ಲಿನ ಗಡಿಯಾರದಲ್ಲಿ ಹನ್ನೆರಡೂ ಐದು. ಹನ್ನೆರಡೂವರೆಗೆ ಅವರನ್ನು ಮಲಗಿಸುತ್ತೇವೆ, ಆಮೇಲೆ ಯಾರನ್ನೂ ಬಿಡುವುದಿಲ್ಲ ಎಂದರು. ಸಂಜೆಗೆ ನನ್ನ ವಾಪಸ್ ಫ್ಲೈಟ್. ಬಾಗಿಲಲ್ಲೇ ನಿಂತು ಅತ್ತಿಗೆಗೆ ಫೋನ್ ಮಾಡಿದೆ.

"ಒಂದೂವರೆಗಂಟ ಆಚೇಲೇ ಕೂತ್ಕೊ ಕಣವ್ವ," ಎಂದರು.

"ನಿಮ್ಮಲ್ಲಿ ಈಗೆಷ್ಟು ಗಂಟೆ ಅತ್ತಿಗೆ?"

"ನಾಕೂವರೆ ಮೀರ್ತು. ಹಾಲು ಕರೆಯಕ್ಕೆ ಹೊಂಟಿದ್ದೆ."

"ರಾಹುಕಾಲ ಹೋಗಿ ಮೂರು ಗಂಟೆಯಾಯ್ತಲ್ಲ. ಪಂಚಾಂಗ ನಮ್ಮೂರದು, ಗಂಟೇನೂ ನಮ್ಮೂರದೇ ಇರಲಿ. ಒಳಗೆ ಹೋಗ್ತೀನಿ."

ಅತ್ತಿಗೆ ಹಾಲಿನ ಚೊಂಬು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಇಷ್ಟು ಓದ್ಸಿದ್ದೇ ತಪ್ಪು. ಓಗು, ಬಲಗಾಲಿಟ್ಟು ಓಗು," ಎಂದರು.

ಬಲಗಾಲಿಟ್ಟೇ ಹೋದೆ. ಸಿಸ್ಟರ್ ದಿಂಬಿಗೆ ಒರಗಿದ್ದರು, ಒಂದು ಹಿಡಿಯಷ್ಟಾಗಿದ್ದರು. ನನ್ನ ಹೆಸರು ಹೇಳಿದೆ, ಶಾಲೆ ಹೇಳಿದೆ; ಕಣ್ಣು ನನ್ನನ್ನು ದಾಟಿ ಗೋಡೆ ನೋಡುತ್ತಿತ್ತು. ಪರ್ಸಿನಿಂದ ದಾರ ತೆಗೆದು ಅವರ ಬೆರಳ ನಡುವೆ ಇಟ್ಟೆ.

"ಹೌ ಫಾರ್?" ಅಂದರು, ಮೆಲ್ಲಗೆ.

ಬೇಕೆಂದೇ ತಪ್ಪು ಹೇಳಿದೆ. "ಫ್ರಾಂಕ್‌ಫರ್ಟಿನಿಂದ ಒಂದು ಗಂಟೆ ಹತ್ತು ನಿಮಿಷ, ಸಿಸ್ಟರ್."

ಹುಬ್ಬು ಗಂಟಿಕ್ಕಿತು. "ರಾಂಗ್. ಮೆಷರ್ ಅಗೇನ್."

ಅವರ ಕೈ ಹಿಡಿದು ಹೊದಿಕೆಯ ಮೇಲೆ ಅಳೆದೆ. ಎರಡು ಗಂಟೆ ಹತ್ತು ನಿಮಿಷ ಎಂದೆ. ಗುಡ್ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ನರ್ಸ್ ಬಂದು ಟೈಮಾಯಿತೆಂದಳು. ಬಾಗಿಲ ಹತ್ತಿರ ತಿರುಗಿ ನೋಡಿದೆ. ಅವಳು ದಾರ ಬಿಡಿಸಿಕೊಳ್ಳಲು ಬಗ್ಗಿದ್ದಳು. ಸಿಸ್ಟರ್ ಕೊಡದೆ ಎರಡು ಸುತ್ತು ಬೆರಳಿಗೆ ಸುತ್ತಿಕೊಂಡು ಮುಷ್ಟಿ ಬಿಗಿ ಮಾಡಿದರು.