ತಾಯಿಯಿಲ್ಲದ ಗೊದ್ದಗಳು

ಊಟಿಯ ಚಳಿಯಲ್ಲಿ ಗೊದ್ದದ ಇರುವೆ ಸಾಕಲು ಹೊರಟವಳು ನಾನು. ನಾಯಿ ಸಾಕು, ಬೆಕ್ಕು ಸಾಕು, ಹೋಗಲಿ ಎರಡು ಕೋಳಿಯನ್ನಾದರೂ ಸಾಕು ಎಂದು ಅತ್ತೆ ಬಡಿದುಕೊಂಡರು. ನನ್ನದು ಹಟಮಾರಿ ಜೀವ, ಕೇಳಲಿಲ್ಲ. ಮಸಿನಗುಡಿಯ ಅಕ್ಕನ ಮನೆಯಲ್ಲಿ, ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ, ರೆಕ್ಕೆ ಉದುರಿಸಿಕೊಂಡು ಜಗುಲಿಯ ಮೇಲೆ ಓಡಾಡುತ್ತಿದ್ದ ಎರಡು ದಪ್ಪ ಕರಿಗೊದ್ದದ ರಾಣಿಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಒಂದೊಂದನ್ನು ಒಂದೊಂದು ಗಾಜಿನ ನಳಿಕೆಗೆ ಬಿಟ್ಟೆ. ತಳದಲ್ಲಿ ನೀರು, ನೀರಿಗೆ ಹತ್ತಿಯ ತಡೆ, ಬಾಯಿಗೆ ಇನ್ನೊಂದು ಹತ್ತಿಯ ಉಂಡೆ. ಅಷ್ಟೇ ಅವುಗಳ ಅರಮನೆ.

ಚಳಿಗಾಲದ ಹೊತ್ತಿಗೆ ಮೊದಲನೆಯ ರಾಣಿಯ ಸುತ್ತ ಪುಟ್ಟ ಕೆಲಸದ ಗೊದ್ದಗಳ ಒಂದು ಹಿಂಡೇ ಆಗಿತ್ತು. ಮುಂದೆ ಗೊದ್ದಗಳಾಗಬೇಕಾದ ಮರಿಗಳು ರೇಷ್ಮೆಗೂಡಿನಂಥ ಬಿಳಿ ಗೂಡು ಕಟ್ಟಿಕೊಂಡು ಒಳಗೆ ಮಲಗಿರುತ್ತವೆ. ಆ ಗೂಡುಗಳನ್ನು ಇವು ಬಾಯಲ್ಲಿ ಕಚ್ಚಿಕೊಂಡು ಬೆಚ್ಚಗಿನ ಕಡೆಗೆ ಸಾಗಿಸುವುದನ್ನು ನೋಡುತ್ತ ಕೂತರೆ ನನಗೆ ಅಡುಗೆಯ ನೆನಪೂ ಇರುತ್ತಿರಲಿಲ್ಲ. ಎರಡನೆಯ ರಾಣಿ ಮಾತ್ರ ಬಡಪಾಯಿ. ಅದಕ್ಕಿದ್ದದ್ದು ಎರಡೇ ಎರಡು ಗೊದ್ದ, ಅವೂ ಸೊರಗಿದ್ದವು.

ನೀಲಗಿರಿ ಎಣ್ಣೆ ನಮ್ಮ ಮನೆಯಲ್ಲಿ ಸಕಲ ರೋಗಕ್ಕೂ ಮದ್ದು. ನೆಗಡಿಗೆ, ಮಂಡಿನೋವಿಗೆ, ಮನಸ್ಸು ಸರಿಯಿಲ್ಲದಿದ್ದರೂ ಅದೇ. ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂತಿದ್ದ ಒಂದು ಬೆಳಿಗ್ಗೆ ನಳಿಕೆಗಳನ್ನು ಇಡುವ ಪೆಟ್ಟಿಗೆ ತೆರೆದರೆ ಆ ಘಾಟು ಮೂಗಿಗೆ ಬಡಿಯಿತು. ಮೊದಲನೆಯ ರಾಣಿ ಬಾಯಿಯ ಹತ್ತಿಯ ಪಕ್ಕದಲ್ಲೇ ಕಾಲು ಮಡಚಿ ಅಂಗಾತ ಬಿದ್ದಿತ್ತು.

"ಒಂದೇ ತೊಟ್ಟು ಕಣಮ್ಮ," ಅಂದರು ಅತ್ತೆ. "ಪಾಪ, ಬಿಸಿಲೂರಿನವು. ಮೂಗು ಕಟ್ಟುತ್ತೆ ಅಂತ ಹತ್ತಿಗೆ ಹಾಕ್ದೆ. ಇನ್ನೊಂದಕ್ಕೆ ಹಾಕೋಷ್ಟರಲ್ಲಿ ಬಾಟ್ಲಿ ಖಾಲಿ ಆಯ್ತು."

"ಗೊದ್ದಕ್ಕೆಲ್ಲಿದೆ ಅತ್ತೆ ಮೂಗು? ಸುಮ್ನೆ ಇರೋಕಾಗಲ್ವಾ ನಿಮ್ಗೆ?" ಬೀದಿಗೆ ಕೇಳುವ ಹಾಗೆ ಕಿರುಚಿದೆ. ಅವರು ತಿಂಡಿಯನ್ನೂ ಮುಟ್ಟದೆ, ನಾವಿಬ್ಬರೂ ನಡೆಸುವ ಸ್ವೆಟರ್ ಅಂಗಡಿಗೆ ಒಬ್ಬರೇ ಹೊರಟುಹೋದರು.

ನಳಿಕೆಯ ಆ ತುದಿಯಲ್ಲಿದ್ದ ಗೊದ್ದಗಳು ಹೇಗೋ ಬದುಕಿದ್ದವು. ಹತ್ತಿ ಬದಲಿಸಿ ಗಾಳಿಯಾಡಿಸಿದ ಮೇಲೆ ಅವು ಮೆಲ್ಲನೆ ಬಂದು ಸತ್ತ ರಾಣಿಯನ್ನು ನೆಕ್ಕತೊಡಗಿದವು. ಇನ್ನು ಇವಕ್ಕೆ ಮೊಟ್ಟೆಯಿಡುವವರಿಲ್ಲ. ಇರುವ ಗೂಡುಗಳನ್ನು ಕಾಯುತ್ತ ಒಂದೊಂದಾಗಿ ಮುಗಿಯುವುದಷ್ಟೇ ಬಾಕಿ. ಬೇರೆ ರಾಣಿಯ ಹತ್ತಿರ ಬಿಟ್ಟರೆ ಬೆಳೆದ ಗೊದ್ದಗಳು ಅಲ್ಲಿ ಕಚ್ಚಾಡಿ ಸಾಯುತ್ತವೆ. ಆದರೆ ಗೂಡಿನೊಳಗಿನ ಮರಿಗೆ ಆ ಗೊಡವೆಯಿಲ್ಲ. ಕಣ್ಣು ಬಿಟ್ಟಾಗ ಯಾರು ಹತ್ತಿರವಿದ್ದರೆ ಅವರೇ ತಾಯಿ. ಈ ಗೂಡುಗಳನ್ನು ಕೊಟ್ಟರೆ ಎರಡನೆಯ ರಾಣಿ ಚಳಿಗಾಲ ದಾಟೀತು, ಕೊಡದಿದ್ದರೆ ಅದೂ ಹೋಗುತ್ತದೆ. ಲೆಕ್ಕವೇನೋ ಸರಿಯಾಗಿತ್ತು. ಸಂಜೆ ಚಿತ್ರ ಬರೆಯುವ ಕುಂಚ ಹಿಡಿದು ಕೂತರೆ, ಒಂದು ಗೊದ್ದವೂ ತನ್ನ ಗೂಡನ್ನು ಬಿಡಲೊಲ್ಲದು. ಎಳೆದರೆ ಗೂಡಿನ ಜೊತೆ ತಾನೂ ಜೋತುಬೀಳುತ್ತಿತ್ತು.

ಅಂಗಡಿಯಿಂದ ಬಂದ ಅತ್ತೆ ನನ್ನ ಹಿಂದೆ ನಿಂತು ನೋಡಿದರು. ಏನು ಮಾಡುತ್ತಿದ್ದೇನೆಂದು ಹೇಳಿದೆ. ಅವರು ಶಾಲು ಹೊದ್ದುಕೊಂಡು ಪಕ್ಕದಲ್ಲಿ ಕೂತರು.

"ನಮ್ಮಮ್ಮ ಸತ್ತಾಗ್ಲೂ ಹಿಂಗೇ ಮಾಡಿದ್ರು," ಅಂದರು. "ತಮ್ಮನ್ನ ಪಂದಲೂರಿನವ್ರು ಕರ್ಕೊಂಡು ಹೋದ್ರು. ಕೂಸನ್ನ ಅರವಂಕಾಡಿನವ್ರು. ನಾನು ಕೂಸನ್ನ ಲಂಗದಲ್ಲಿ ಸುತ್ಕೊಂಡು ಕೂತಿದ್ದೆ. ಒಂದೊಂದೇ ಬೆರಳು ಬಿಡಿಸಿ ತಗೊಂಡ್ರು."

ಅರವಂಕಾಡಿನಿಂದ ಹಬ್ಬಕ್ಕೆ ಬರುವ ಚಿಕ್ಕತ್ತೆ ಯಾರೋ ದೂರದ ನೆಂಟರೆಂದೇ ಇಷ್ಟು ವರ್ಷ ತಿಳಿದಿದ್ದೆ. ಅಯ್ಯೋ ದೇವರೇ, ಅವರೇ ಆ ಕೂಸು, ಇವರ ಒಡಹುಟ್ಟಿದ ತಂಗಿ! ಕುಂಚ ಕೆಳಗಿಟ್ಟು, "ಹಾಗಾದ್ರೆ ಬೇಡ ಬಿಡಿ ಅತ್ತೆ," ಅಂದೆ.

"ಬೇಡ ಅಂದ್ನಾ ನಾನು? ನನ್ನ ಹತ್ರ ಇದ್ದಿದ್ರೆ ಆ ಕೂಸು ಉಳೀತಿರ್ಲಿಲ್ಲ. ಹಾಲೆಲ್ಲಿತ್ತು ನಮ್ಮನೇಲಿ? ಕೊಡಿಲ್ಲಿ."

ಕುಂಚ ತೆಗೆದುಕೊಂಡು ಅವರೇ ಶುರು ಮಾಡಿದರು. ಹೆಣಿಗೆಯಲ್ಲಿ ತಪ್ಪಿದ ಎಳೆಯನ್ನು ಎತ್ತಿ ಪಳಗಿದ ಕೈ. ಎಳೆಯಲಿಲ್ಲ, ದೂಡಲಿಲ್ಲ. ಗೊದ್ದದ ಬೆನ್ನನ್ನು ಮೆತ್ತಗೆ ಸವರುತ್ತ, ಅದು ತಾನಾಗಿ ಬಾಯಿ ಬಿಡುವವರೆಗೆ ಕಾದರು. ಒಂದೊಂದೇ ಗೂಡನ್ನು ನಾನು ಇನ್ನೊಂದು ನಳಿಕೆಗೆ ಇಳಿಸಿದೆ. ಎರಡನೆಯ ರಾಣಿ ಮೀಸೆ ಆಡಿಸುತ್ತ ಹತ್ತಿರ ಬಂದು, ಮುಟ್ಟಿ ನೋಡಿ, ಒಂದನ್ನು ಕಚ್ಚಿ ತನ್ನ ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ನನಗೆ ಅಳು ತಡೆಯಲಾಗಲಿಲ್ಲ.

ಈ ಕಡೆ ಕೊನೆಯ ಗೂಡೊಂದು ಉಳಿದಿತ್ತು. ಅದನ್ನು ಹಿಡಿದಿದ್ದ ಗೊದ್ದ ನೀರಿನ ತುದಿಯವರೆಗೂ ಓಡಿ ಮೂಲೆಯಲ್ಲಿ ಮುದುಡಿಕೊಂಡಿತು. ನಾನು ಕುಂಚಕ್ಕೆ ಕೈಚಾಚಿದೆ. ಅತ್ತೆ ಕೊಡಲಿಲ್ಲ.

"ಅದೊಂದು ಅವಳ ಹತ್ರಾನೇ ಇರ್ಲಿ ಬಿಡು," ಅಂದರು. "ನಂಗೆ ಒಂದನ್ನೂ ಬಿಡ್ಲಿಲ್ಲ."