ಓಪಲ್ ಟ್ರಾಸ್ಕ್ ಈಜುಕೊಳಕ್ಕೆ ಬೀಗ ಹಾಕಿದ ವಾರ

ಓಪಲ್ ಟ್ರಾಸ್ಕ್ ಹನ್ನೊಂದು ವರ್ಷ ನನ್ನ ಎದುರು ಮನೆಯಲ್ಲಿದ್ದಳು. ಮೊದಲು ಕೆಲಸ ಮಾಡಿ ಆಮೇಲೆ ಹೇಳುವುದು, ಹೇಳಿದ ಮೇಲೆ ಬೈಸಿಕೊಳ್ಳುವುದು ಆಕೆಯ ಸ್ವಭಾವ. ಹುಟ್ಟಿದ್ದು ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ. ಗಂಡ ಲೈಲ್‌ನ ಉಬ್ಬಸಕ್ಕೆ ಒಣಹವೆ ಒಳ್ಳೆಯದೆಂದು ಡಾಕ್ಟರು ಹೇಳಿದಾಗ ಇಬ್ಬರೂ ಅರಿಜೋನಾದ ಟೂಸಾನಿಗೆ ಬಂದರು. ಉಬ್ಬಸ ಹೋಯಿತು, ಕೆಲವು ವರ್ಷಗಳಲ್ಲಿ ಲೈಲ್ ಬೇರೆ ಕಾಯಿಲೆಯಿಂದ ಹೋದ. ಓಪಲ್ ಶಾಲೆಯ ಹಳದಿ ಬಸ್ಸು ಓಡಿಸುತ್ತ ಇಪ್ಪತ್ತೊಂಬತ್ತು ವರ್ಷ ಕಳೆದಳು. ನಿವೃತ್ತಿಯಾದ ಮೇಲೆ ನಮ್ಮ ಪಾಲೊ ಸೆಕೊ ಬಡಾವಣೆಯಲ್ಲಿ ಮನೆ ತಗೊಂಡು ಬಂದಾಗ ಆಕೆಗೆ ಅರವತ್ತು ದಾಟಿತ್ತು.

ಪಾಲೊ ಸೆಕೊದಲ್ಲಿ ಅರವತ್ತನಾಲ್ಕು ಮನೆ. ಮನೆಮಾಲೀಕರ ಸಂಘಕ್ಕೆ ಐದು ಜನರ ಸಮಿತಿ. ನಾನು ಕಾರ್ಯದರ್ಶಿ, ನಡಾವಳಿ ಬರೆಯುವುದು ನನ್ನ ಪಾಲಿನ ಕೆಲಸ. ಅಧ್ಯಕ್ಷ ವೆಂಡೆಲ್ ಹಾರ್ಪ್. ಸೌಮ್ಯ ಮನುಷ್ಯ, ಆದರೆ ಜಗಳವೆಂದರೆ ಜ್ವರ ಬಂದಂತಾಗುವವನು. ಓಪಲ್ ನೋಡಿಕೊಳ್ಳುತ್ತಿದ್ದದ್ದು ಎಲ್ಲರೂ ಬಳಸುವ ಜಾಗಗಳ ಸುರಕ್ಷತೆ. ತಿಂಗಳ ಮೊದಲ ದಿನ ಒಂದು ಹಾಳೆ ಹಿಡಿದು ದಾರಿದೀಪ, ಮೆಟ್ಟಿಲು, ಕಟಕಟೆ, ಈಜುಕೊಳ ಎಲ್ಲ ನೋಡಿ, ಸರಿಯಿದ್ದರೆ ಗುರುತು ಹಾಕಿ ಸಹಿ ಮಾಡಬೇಕು. ಬೆಳಿಗ್ಗೆ ಆರಕ್ಕೇ ಯಾರದೋ ಬಾಗಿಲು ತಟ್ಟಿ, "ನಿಮ್ಮ ಮೆದುಗೊಳವೆ ಕಾಲುದಾರಿಗೆ ಅಡ್ಡ ಬಿದ್ದಿದೆ, ಮುದುಕರು ಎಡವಿ ಬಿದ್ರೆ ಸೊಂಟ ನೀವು ಕೊಡ್ತೀರಾ?" ಎಂದು ಕೇಳುವವಳು ಆಕೆ. ಜನ ಆಕೆಯನ್ನು ಇಷ್ಟಪಡುತ್ತಿದ್ದರು ಎನ್ನಲಾರೆ. ನಂಬುತ್ತಿದ್ದರು.

ಆ ವರ್ಷ ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯದ ದಿನ, ಶುಕ್ರವಾರ ಬಂದಿತ್ತು. ಮೂರು ದಿನ ರಜೆ. ಬಿಸಿಲು ನೂರಹತ್ತು ಡಿಗ್ರಿ ಫ್ಯಾರನ್‌ಹೀಟ್. ಮಂಡಿನೋವಿನಿಂದಾಗಿ ಓಪಲ್‌ಳ ಆ ತಿಂಗಳ ತಪಾಸಣೆ ಇನ್ನೂ ಬಾಕಿಯಿತ್ತು. ಬುಧವಾರ ಬೆಳಿಗ್ಗೆ ಓಪಲ್ ಮಂಡಿನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಮಾಡಲೆಂದು ಈಜುಕೊಳಕ್ಕೆ ಇಳಿದಳು. ತಲೆಯ ರಬ್ಬರ್ ಟೋಪಿ ಸಡಿಲವಾಗಿ ನೀರಿಗೆ ಬಿತ್ತು. ತೇಲಬೇಕಿದ್ದ ಟೋಪಿ ನೀರು ತುಂಬಿಕೊಂಡು ಆಳದ ಕಡೆಗೆ ಜಾರಿ, ತಳದ ಜಾಲರಿಗೆ ಹೋಗಿ ಅಂಟಿಕೊಂಡಿತು. ಪಂಪು ನೀರೆಳೆಯುವ ಬಾಯಿಗೆ ಮುಚ್ಚಿರುವ ಜಾಲರಿ ಅದು. ಓಪಲ್ ಮೇಲೆ ಬಂದು ಎಲೆ ತೆಗೆಯುವ ಉದ್ದ ಕೋಲಿನಿಂದ ಟೋಪಿಯನ್ನು ಎಳೆದಳು. ಟೋಪಿಯ ಜೊತೆ ಜಾಲರಿಯ ಒಂದು ಮೂಲೆಯೂ ಮೇಲೆದ್ದಿತು.

ಆಕೆ ನೇರವಾಗಿ ನನ್ನ ಮನೆಗೆ ಬಂದಳು. ಒದ್ದೆ ಬಟ್ಟೆ, ಬರಿಗಾಲು. ಕಾದ ರಸ್ತೆಯ ಮೇಲೆ ಹೇಗೆ ನಡೆದು ಬಂದಳೋ!

"ಆ ಜಾಲರಿ ಒಂದೇ ಸ್ಕ್ರೂ ಮೇಲೆ ನಿಂತಿದೆ ಕಣೆ. ಪಂಪಿನ ಎಳೆತ ಅಲ್ಲಿ ಎಷ್ಟಿದೆ ಗೊತ್ತಾ? ಮಗು ಮೇಲೆ ಕೂತ್ರೆ, ಕೂದಲು ಸಿಕ್ಕೊಂಡ್ರೆ, ದೊಡ್ಡೋರು ಎಳೆದ್ರೂ ಬರಲ್ಲ. ವೆಂಡೆಲ್‌ಗೆ ಫೋನ್ ಹಚ್ಚು."

ವೆಂಡೆಲ್ ತಾನೇ ಬಂದ. ಕೊಳದ ದಡದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದ. ನೀರಿನ ಮೇಲೆ ಬಿಸಿಲು ಥಳಥಳಿಸುತ್ತಿತ್ತು.

"ನಂಗೇನೂ ಕಾಣ್ತಿಲ್ಲ ಓಪಲ್. ಪಂಪ್ ನೋಡ್ಕೊಳ್ಳೋ ಗುತ್ತಿಗೆಯವರು ಸೋಮವಾರ ಬರ್ತಾರಂತೆ. ಅಲ್ಲಿವರೆಗೂ ಒಂದು ಬೋರ್ಡ್ ಹಾಕೋಣ, ಆಳದ ಕಡೆ ಹೋಗ್ಬೇಡಿ ಅಂತ."

"ಬೋರ್ಡ್ ಓದೋ ವಯಸ್ಸಿನ ಮಕ್ಕಳು ಮಾತ್ರ ಮುಳುಗ್ತಾವಾ ವೆಂಡೆಲ್ ಸಾಹೇಬ್ರೇ? ಪಂಪು ನಿಲ್ಲಿಸಿ."

"ಪಂಪಿನ ಕೋಣೆ ಬೀಗದ ಕೈ ಅವರ ಹತ್ರನೇ ಇರೋದು. ಅದು ತನ್ನ ಪಾಡಿಗೆ ತಾನು ಶುರುವಾಗುತ್ತೆ, ನಿಲ್ಲುತ್ತೆ. ರಜೆ ವಾರ, ಸೋಮವಾರಕ್ಕೆ ಮುಂಚೆ ಯಾರೂ ಬರಲ್ಲ."

"ಹಾಗಾದ್ರೆ ಕೊಳ ಮುಚ್ಚಿ."

"ಜುಲೈ ನಾಲ್ಕಕ್ಕಾ?" ವೆಂಡೆಲ್‌ನ ಮುಖ ನಿಜಕ್ಕೂ ಬಿಳಿಚಿಕೊಂಡಿತು. "ನನ್ನ ಮನೆಗೆ ಕಲ್ಲು ಹೊಡೀತಾರೆ. ಸಮಿತಿಯ ಐದೂ ಜನ ಸೇರಿ ತೀರ್ಮಾನಿಸ್ಬೇಕು. ಇಬ್ಬರು ಊರಲ್ಲೇ ಇಲ್ಲ."

ಓಪಲ್ ಮನೆಗೆ ಹೋಗಿ, ಲೈಲ್‌ನ ಹಳೆಯ ಟ್ರೈಲರ್ ಕಟ್ಟುವ ಕಬ್ಬಿಣದ ಸರಪಳಿ ತಂದು ಕೊಳದ ಸುತ್ತಣ ಕಟಕಟೆಯ ಬಾಗಿಲಿಗೆ ಸುತ್ತಿ, ದೊಡ್ಡ ಬೀಗ ಜಡಿದು, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ತಳದ ಜಾಲರಿ ಮುರಿದಿದೆ. ಮುಚ್ಚಿದ್ದು ನಾನು, ಓಪಲ್ ಟ್ರಾಸ್ಕ್, ಹದಿನೇಳನೇ ಮನೆ. ಬೈಯುವವರು ಅಲ್ಲಿಗೇ ಬನ್ನಿ.

ಜನ ಬಂದರು. ಶುಕ್ರವಾರವಿಡೀ ಬಂದರು. ಯಾರೂ ಆಕೆಯ ಮನೆಯವರೆಗೆ ಹೋಗಬೇಕಾಗಲಿಲ್ಲ. ಯಾರಾದರೂ ಕಟಕಟೆ ಹತ್ತಿ ಒಳಗೆ ಇಳಿದಾರೆಂದು ಆಕೆ ಮಡಚುವ ಕುರ್ಚಿ, ಛತ್ರಿ, ನೀರಿನ ಹೂಜಿ ತಂದು ಬಾಗಿಲ ಮುಂದೆಯೇ ಕುಳಿತಿದ್ದಳು. ಎಪ್ಪತ್ತೊಂದರ ಮುದುಕಿ, ಆ ಬಿಸಿಲಲ್ಲಿ. ಮಧ್ಯಾಹ್ನ ಎರಡು ಗಂಟೆ ಹೊತ್ತು ನಾನು ಆಕೆಯ ಬದಲು ಕುಳಿತೆ. ಅಷ್ಟಕ್ಕೇ ತಲೆ ಸುತ್ತು ಬಂತು.

ಶನಿವಾರ ರೂಬೆನ್ ಅರ್ವಿಸು ಬಂದ. ಛಾವಣಿ ಕೆಲಸದ ಮೇಸ್ತ್ರಿ, ಐವತ್ತೈದರ ಗಟ್ಟಿ ಆಳು. ಮೊಮ್ಮಗಳು ಮಾರಿಸೋಲ್‌ಗೆ ಅಂದು ಎಂಟು ತುಂಬಿತ್ತು. ಕೊಳದ ಪಕ್ಕದ ಅಂಗಳವನ್ನು ಎರಡು ತಿಂಗಳ ಹಿಂದೆಯೇ ಗೊತ್ತು ಮಾಡಿಕೊಂಡಿದ್ದ. ಮೆಕ್ಸಿಕೊ ಗಡಿಯ ನೊಗಾಲೆಸ್‌ನಿಂದ ನೆಂಟರು ಬಂದಿಳಿದಿದ್ದರು. ಹೆಂಡತಿ ಬೆಳಗಿನಿಂದ ಜೋಳದ ಹಿಟ್ಟಿನ ತಮಾಲೆ ಬೇಯಿಸಿದ್ದಳು, ಮಾಂಸ ಸುಡಲು ಕೆಂಡ ಸಿದ್ಧವಾಗಿತ್ತು. ಈಜುಡುಗೆ ತೊಟ್ಟ ಹತ್ತು ಹನ್ನೆರಡು ಮಕ್ಕಳು ಅವನ ಹಿಂದೆ ಸಾಲಾಗಿ ನಿಂತಿದ್ದವು.

"ದೋನ್ಯಾ ಓಪಲ್," ಎಂದ, ಸ್ಪ್ಯಾನಿಷ್‌ನಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ. "ಬಾಗಿಲು ತೆಗೀರಿ. ಮಕ್ಕಳು ಕಾಯ್ತಿವೆ."

"ತೆಗೆಯಲ್ಲ ರೂಬೆನ್."

"ನಾನೇ ಒಳಗೆ ನಿಂತು ನೋಡ್ಕೋತೀನಿ. ಆಳಕ್ಕೆ ಒಬ್ಬರನ್ನೂ ಬಿಡಲ್ಲ."

"ಹನ್ನೆರಡು ಮಕ್ಕಳು, ಎರಡು ಕಣ್ಣು. ಬಸ್ಸಲ್ಲಿ ನಾನು ಮಾಡಿ ನೋಡಿದೀನಿ, ಆಗಲ್ಲ."

"ನೀವೇನು ಈ ಊರಿನ ಪೊಲೀಸಾ?" ರೂಬೆನ್‌ನ ದನಿ ಏರಿತು. "ನನ್ನ ಮನೆ ಹಬ್ಬ ಕೆಡಿಸೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು? ನಿಮ್ಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು!"

ಆ ಮಾತು ಎಲ್ಲರಿಗೂ ಕೇಳಿಸಿತು. ಓಪಲ್‌ಗೆ ಮಕ್ಕಳಾಗಿರಲಿಲ್ಲ. ಆಕೆ ಹೂಜಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಮಾರಿಸೋಲ್ ತಾತನ ಪಕ್ಕದಲ್ಲಿ ನಿಂತಿದ್ದಳು. ಸೊಂಟದವರೆಗೆ ಇಳಿಬಿದ್ದ ಕಪ್ಪು ಕೂದಲು, ಹುಟ್ಟುಹಬ್ಬಕ್ಕೆಂದು ಬಿಚ್ಚಿ ಬಾಚಿದ್ದರು. ಓಪಲ್ ಆ ಕೂದಲನ್ನೇ ನೋಡುತ್ತ ಹೇಳಿದಳು, "ನಿನ್ನ ಬೈಗುಳ ಎಲ್ಲಾ ಬೈದು ಮುಗಿಸು ರೂಬೆನ್. ನಾನು ಎಲ್ಲೂ ಹೋಗಲ್ಲ."

ಅವನು ಸರಪಳಿಯನ್ನು ಒಮ್ಮೆ ಒದ್ದು, ಮಕ್ಕಳನ್ನು ಕರೆದುಕೊಂಡು ಹೊರಟುಹೋದ. ಅವನ ಮನೆಯಂಗಳದಲ್ಲಿ ಮಕ್ಕಳು ಮೆದುಗೊಳವೆಯ ನೀರಲ್ಲಿ ನೆನೆದು ಕುಣಿದವು. ಕುಣಿತದ ಕೂಗು ನಮಗೆ ಕೇಳುತ್ತಿತ್ತು. ಓಪಲ್‌ಗೆ ಯಾರೂ ಕೇಕು ತಂದುಕೊಡಲಿಲ್ಲ.

ಸೋಮವಾರ ರಿಪೇರಿಯವನು ಬಂದ. ಪಂಪು ನಿಲ್ಲಿಸಿ ನೀರಿಗಿಳಿದು ಜಾಲರಿಗೆ ಕೈ ಹಾಕಿದ. ಸ್ಕ್ರೂ ತಿರುಗಿಸುವ ಕೆಲಸವೇ ಬೀಳಲಿಲ್ಲ. ಹಳೆಯ ಪ್ಲಾಸ್ಟಿಕ್ಕು ಬಿಸ್ಕತ್ತಿನ ಹಾಗೆ ಮುರಿದು ಮೂರು ತುಂಡಾಗಿ ಅವನ ಕೈಗೆ ಬಂತು. ತುಂಡುಗಳನ್ನು ದಡದ ಮೇಲಿಟ್ಟು ಅವನು, "ಇದರ ಮೇಲೆ ಯಾರಾದ್ರೂ ಈಜಿದ್ರಾ?" ಎಂದು ಕೇಳಿದ. ರೂಬೆನ್ ಕೆಲಸಕ್ಕೆ ಹೊರಟವನು ಗಾಡಿ ನಿಲ್ಲಿಸಿ ಬಂದು, ಆ ತುಂಡುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹಾಗೆಯೇ ಕೆಳಗಿಟ್ಟು ಹೋದ.

ಕತೆ ಇಲ್ಲಿಗೆ ಮುಗಿದಿದ್ದರೆ ಓಪಲ್‌ಗೆ ಹಾರ ಹಾಕುತ್ತಿದ್ದರೇನೋ. ಆಕೆ ಮುಗಿಯಲು ಬಿಡಲಿಲ್ಲ.

ಮುಂದಿನ ವಾರ ಸಂಘದ ಸಭೆ. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ವೆಂಡೆಲ್ ಎದ್ದು, ಓಪಲ್ ಅವರ ಎಚ್ಚರಿಕೆಯಿಂದ ಅನಾಹುತ ತಪ್ಪಿತು ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಓಪಲ್ ಎದ್ದು ನಿಂತು ಒಂದು ಹಾಳೆ ಎತ್ತಿ ತೋರಿಸಿದಳು.

"ಚಪ್ಪಾಳೆ ಬೇಡ. ಇದು ಜೂನ್ ತಿಂಗಳ ಹಾಳೆ. ತಳದ ಜಾಲರಿ, ಸರಿಯಿದೆ ಅಂತ ಇಲ್ಲಿ ಗುರುತಿದೆ. ಕೆಳಗಿರೋದು ನನ್ನ ಸಹಿ. ಮೇ ತಿಂಗಳಲ್ಲೂ ನಂದೇ. ನಾನು ನೀರಿಗಿಳಿದು ನೋಡಿರಲಿಲ್ಲ. ಮಂಡಿ ನೋಯ್ತಿತ್ತು, ದಡದಲ್ಲಿ ನಿಂತು ಬಗ್ಗಿ ನೋಡ್ದೆ. ವೆಂಡೆಲ್ ನೋಡಿದ ಹಾಗೇನೇ. ಬಿಸಿಲು ಬಿಟ್ರೆ ಏನೂ ಕಾಣ್ಲಿಲ್ಲ. ಸಹಿ ಹಾಕ್ದೆ."

ಓಪಲ್ ಹಾಳೆ ಮಡಚಿ ಮುಂದುವರಿಸಿದಳು.

"ಬಸ್ಸು ಓಡಿಸೋವಾಗ ದಿನಾ ಸಂಜೆ ಕೊನೇ ಸೀಟಿನವರೆಗೂ ನಡೆದು ನೋಡ್ತಿದ್ದೆ, ಯಾವ ಮಗುವಾದ್ರೂ ನಿದ್ದೆ ಹೋಗಿ ಉಳಿದಿದ್ಯಾ ಅಂತ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ತಪ್ಪಿಸ್ಲಿಲ್ಲ. ಇಲ್ಲಿ ಬಂದು ತಪ್ಪಿಸ್ದೆ. ಎರಡು ತಿಂಗಳು ನಿಮ್ಮ ಮಕ್ಕಳು ನನ್ನ ಸಹಿ ನಂಬ್ಕೊಂಡು ಈಜಿದಾರೆ."

ವೆಂಡೆಲ್ ನನ್ನ ಕಡೆ ಬಗ್ಗಿ, "ಇದನ್ನ ನಡಾವಳೀಲಿ ಬರೀಬೇಡಿ, ವಕೀಲರು ಒಪ್ಪಲ್ಲ" ಎಂದು ಪಿಸುಗುಟ್ಟಿದ. ಓಪಲ್‌ನ ಕಿವಿ ಚುರುಕು.

"ಬರಿ," ಎಂದಳು ನನಗೆ. "ನಾನು ಹೇಳಿದ ಹಾಗೇ ಬರಿ. ಮುಂದೆ ಈ ಹಾಳೆಗೆ ಸಹಿ ಹಾಕೋರಿಗೆ ಗೊತ್ತಿರ್ಲಿ."

ನಾನು ಬರೆದೆ. ಕಾರ್ಯದರ್ಶಿಯಾಗಿ ಮೇ ತಿಂಗಳ ಹಾಳೆಯನ್ನೂ ಜೂನ್ ತಿಂಗಳ ಹಾಳೆಯನ್ನೂ ಕಡತಕ್ಕೆ ಸೇರಿಸಿದವಳು ನಾನೇ. ನೋಡಿದೆಯಾ ಎಂದು ಒಂದು ಮಾತು ಕೇಳಿರಲಿಲ್ಲ. ಆ ದಿನ ನಾನು ಎದ್ದು ಅದನ್ನು ಹೇಳಲಿಲ್ಲ. ಓಪಲ್‌ಗೆ ಇದ್ದ ಗುಂಡಿಗೆ ನನಗಿರಲಿಲ್ಲ.

ಯಾರೋ ಆಕೆಯನ್ನು ಸಮಿತಿಯಿಂದ ಬಿಡಿಸಬೇಕೆಂದರು. ಸರಪಳಿ ಹಾಕಿದ್ದಕ್ಕೆ ಕೆಲವರಿಗೆ ಸಿಟ್ಟು, ಸುಳ್ಳು ಸಹಿಗೆ ಕೆಲವರಿಗೆ. ಓಟು ಹಾಕಿದರು. ನಾಲ್ಕು ಓಟುಗಳಿಂದ ಓಪಲ್ ಸೋತಳು. ಆಕೆ ಹಾಳೆಗಳ ಕಡತ, ಬೀಗದ ಕೈಗಳ ಗೊಂಚಲು ಎಲ್ಲವನ್ನೂ ಮೇಜಿನ ಮೇಲಿಟ್ಟು ಮನೆಗೆ ನಡೆದಳು. ಆಕೆ ಬರೆದುಕೊಟ್ಟು ಹೋಗಿದ್ದ ಒಂದು ನಿಯಮವನ್ನು ಅದೇ ಸಭೆ ಒಪ್ಪಿತು: ತಪಾಸಣೆಗೆ ಇಬ್ಬರು ಹೋಗಬೇಕು, ಕೈಯಿಂದ ಮುಟ್ಟಿ ನೋಡದ ಯಾವುದಕ್ಕೂ ಸರಿಯಿದೆ ಎಂದು ಗುರುತು ಹಾಕಬಾರದು.

ಖಾಲಿಯಾದ ಜಾಗಕ್ಕೆ ಯಾರೂ ಮುಂದೆ ಬರಲಿಲ್ಲ. ಎರಡು ವಾರ ಕಳೆದು ರೂಬೆನ್ ಬಂದ. ಸಮಿತಿಯವರು ಮರುಮಾತಿಲ್ಲದೆ ಅವನಿಗೇ ಕೊಟ್ಟರು. ಆಗಸ್ಟ್ ಒಂದನೇ ತಾರೀಕು ಬೆಳಿಗ್ಗೆ ಅವನು ಓಪಲ್‌ನ ಬಾಗಿಲು ತಟ್ಟಿದ್ದನ್ನು ನನ್ನ ಅಡಿಗೆಮನೆ ಕಿಟಕಿಯಿಂದ ಕಂಡೆ. ಏನು ಜಗಳವೋ ಎಂದು ಹೆದರಿ ರಸ್ತೆ ದಾಟಿ ಹೋದೆ.

ಬಾಗಿಲಲ್ಲಿ ಓಪಲ್ ಕಾಫಿ ಲೋಟ ಹಿಡಿದು ನಿಂತಿದ್ದಳು. ರೂಬೆನ್ ಹ್ಯಾಟು ಕೈಯಲ್ಲಿ ಹಿಡಿದಿದ್ದ.

"ನಾನು ನಿಮ್ಮ ವಿರುದ್ಧ ಓಟು ಹಾಕಿದ್ದೆ, ದೋನ್ಯಾ ಓಪಲ್. ಬೇರೆ ಯಾರಾದ್ರೂ ಹೇಳೋಕಿಂತ ನಾನೇ ಹೇಳೋಣ ಅಂತ ಬಂದೆ."

"ಗೊತ್ತು. ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಹಾಕ್ತಿದ್ದೆ."

"ಆ ದಿನ ಬಾಗಿಲ ಹತ್ರ ಆಡಿದ್ನಲ್ಲ, ಆ ಮಾತು..." ಅವನು ಕೈಯಲ್ಲಿದ್ದ ಹ್ಯಾಟು ತಿರುಗಿಸಿದ. "ಅದನ್ನ ಆಡ್ಬಾರದಿತ್ತು."

ಓಪಲ್ ಕಾಫಿ ಕುಡಿದಳು. "ಆಡ್ಬಾರದಿತ್ತು," ಎಂದಳು. ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ. ಆಕೆ ಸುಳ್ಳು ಉಪಚಾರದವಳಲ್ಲ.

ರೂಬೆನ್ ತಲೆಯಾಡಿಸಿ, ಜೇಬಿನಿಂದ ಆ ತಿಂಗಳ ಹಾಳೆ ತೆಗೆದ. "ಇಬ್ಬರು ಹೋಗ್ಬೇಕು ಅಂತ ನಿಯಮ. ಎರಡನೆಯವರು ಸಮಿತಿಯವರೇ ಆಗ್ಬೇಕು ಅಂತ ಎಲ್ಲೂ ಬರೆದಿಲ್ಲ. ನಂಗೆ ಛಾವಣಿ ಗೊತ್ತು, ನೀರು ಗೊತ್ತಿಲ್ಲ. ಹೇಗೆ ನೋಡೋದು ಅಂತ ಹೇಳಿಕೊಡ್ತೀರಾ?"

ಓಪಲ್ ಲೋಟವನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಡೆಯುತ್ತಲೇ ಪಾಠ ಶುರುವಾಗಿತ್ತು. ದೀಪದ ಕಂಬವನ್ನು ಅಲ್ಲಾಡಿಸಿ ನೋಡಬೇಕು, ಮೆಟ್ಟಿಲಿನ ಅಂಚಿಗೆ ಹಿಮ್ಮಡಿ ಊರಿ ನೋಡಬೇಕು. ಕೊಳದ ಬಳಿ ತಲುಪುವ ಹೊತ್ತಿಗೆ ರೂಬೆನ್‌ನ ಬೆನ್ನೆಲ್ಲ ಬೆವರಾಗಿತ್ತು.

"ಅಂಗಿ ಬಿಚ್ಚು," ಎಂದಳು ಓಪಲ್. "ದಡದಿಂದ ಏನೂ ಕಾಣಲ್ಲ. ಇಳಿ ನೀರಿಗೆ."

ಆಕೆ ಇಲ್ಲಿದ್ದ ಉಳಿದ ಐದು ವರ್ಷ ಅವರಿಬ್ಬರೂ ತಿಂಗಳ ಮೊದಲ ದಿನ ಹೀಗೆ ಸುತ್ತಿದರು. ಮಂಡಿಗೆ ಆಪರೇಷನ್ ಆದ ಮೇಲೆ ಓಪಲ್ ಗಾಲಿಕುರ್ಚಿಯಲ್ಲಿ ಕೂತು ದಡದಿಂದಲೇ ಬೈಯುತ್ತಿದ್ದಳು, ರೂಬೆನ್ ನೀರಿನೊಳಗಿಂದ ತಲೆ ಎತ್ತಿ, "ಮುಟ್ಟಿ ನೋಡ್ದೆ, ನಾಲ್ಕೂ ಸ್ಕ್ರೂ ಗಟ್ಟಿಯಿದೆ!" ಎಂದು ಕೂಗುತ್ತಿದ್ದ. ಆಮೇಲೆ ಹಾಳೆಗೆ ಮೊದಲು ಅವನು, ನಂತರ ಆಕೆ ಸಹಿ ಹಾಕುತ್ತಿದ್ದರು. ಕಡತಕ್ಕೆ ಸೇರಿಸುವ ಮೊದಲು ನಾನೂ ಇಬ್ಬರನ್ನೂ ಕೇಳುತ್ತಿದ್ದೆ, ನೋಡಿದಿರಾ ಎಂದು.